ಟಿ.ವಿ. ಲೈಸೆನ್ಸು: ಹಣ ಯಾರದು, ಮಾತು ಯಾರದು?

ನಮ್ಮ ಕಡೆಯಿಂದ ದಾದಿಯ ಕೆಲಸಕ್ಕೆಂದು ಬ್ರಿಟನ್ನಿಗೆ ಹೋದ ಹೆಣ್ಣುಮಗಳೊಬ್ಬಳು ತನ್ನ ತಾಯಿಗೆ ಫೋನಿನಲ್ಲಿ ಹೇಳಿದ ಸಂಗತಿ ಇದು. ಬಾಡಿಗೆ ಕೋಣೆ ಹಿಡಿದು ತಿಂಗಳು ತುಂಬುವ ಮೊದಲೇ ಟಿ.ವಿ. ಲೈಸೆನ್ಸ್ ತೆಗೆದುಕೊಳ್ಳಬೇಕೆಂದು ಕಾಗದ ಬಂತಂತೆ. 2025ರ ಏಪ್ರಿಲಿನಲ್ಲಿ ಆ ಲೈಸೆನ್ಸಿನ ದರ ವರ್ಷಕ್ಕೆ 174 ಪೌಂಡು 50 ಪೆನ್ಸಿಗೆ ಏರಿತ್ತು. ಬಿ.ಬಿ.ಸಿ.ಯನ್ನು ನೋಡದೆ ಬೇರೆ ಚಾನೆಲನ್ನು ಮಾತ್ರ ನೋಡುವವರೂ, ಕಾರ್ಯಕ್ರಮ ಪ್ರಸಾರವಾಗುವ ಹೊತ್ತಿಗೇ ನೋಡುವುದಾದರೆ, ಕಟ್ಟಲೇಬೇಕು. "ಟಿ.ವಿ.ಗೂ ಲೈಸೆನ್ಸೇ, ಅದೇನು ಲಾರಿಯೇ?" ಎಂದು ಬೀಡಿ ಕಟ್ಟುತ್ತಲೇ ತಾಯಿ ನಕ್ಕರು.

ನಗುವ ಮಾತಲ್ಲ. ನಮ್ಮ ದೇಶದಲ್ಲಿಯೂ ಅದು ಇತ್ತು. 1970ರ ದಶಕದಲ್ಲಿ ಮನೆಯ ರೇಡಿಯೋವಿಗೆ ವರ್ಷಕ್ಕೆ 15 ರೂಪಾಯಿ, ಟಿ.ವಿ.ಗೆ 50 ರೂಪಾಯಿ ಅಂಚೆ ಕಚೇರಿಯಲ್ಲಿ ಕಟ್ಟಿ ಲೈಸೆನ್ಸ್ ಪುಸ್ತಕವನ್ನು ನವೀಕರಿಸಿಕೊಳ್ಳಬೇಕಿತ್ತು. ಬೀಡಿಯ ಮಜೂರಿಯಲ್ಲಿ ಬದುಕುವವರಿಗೆ 15 ರೂಪಾಯಿ ಎಂದರೆ ಎಷ್ಟೋ ದಿನದ ಗಂಜಿ. ಇನ್‌ಸ್ಪೆಕ್ಟರು ಬರುತ್ತಾನೆಂಬ ಸುದ್ದಿ ಹಬ್ಬಿದರೆ ರೇಡಿಯೋ ಅಕ್ಕಿಮುಡಿಯ ಹಿಂದೆ ಅಡಗುತ್ತಿತ್ತೆಂದು ಹಿರಿಯರು ಈಗಲೂ ಹೇಳುತ್ತಾರೆ. 1980ರ ದಶಕದ ಮಧ್ಯಭಾಗದಲ್ಲಿ ಸರಕಾರ ಈ ಲೈಸೆನ್ಸನ್ನು ತೆಗೆದುಹಾಕಿತು. ಅದಕ್ಕಾಗಿ ಅತ್ತವರನ್ನು ನಾವಂತೂ ಕಾಣೆವು.

ಹಾಗಿದ್ದರೂ ದೂರದರ್ಶನ ಸರಕಾರದ ತುತ್ತೂರಿಯಾಗಿದೆ, ಜನರೇ ಹಣ ಕೊಟ್ಟರೆ ಅದು ಜನರದ್ದಾದೀತು ಎಂದು ನಮ್ಮ ಸಂಗಾತಿಗಳಲ್ಲಿಯೇ ಕೆಲವರು ವಾದಿಸುತ್ತಾರೆ. ಇದನ್ನು ತಳ್ಳಿಬಿಡುವಂತಿಲ್ಲ. ಬ್ರಿಟನ್ನಿನಲ್ಲಿ 1922ರಲ್ಲಿ ರೇಡಿಯೋವಿಗೆ 10 ಶಿಲ್ಲಿಂಗಿನಿಂದ ಆರಂಭವಾಗಿ, 1946ರಲ್ಲಿ ಟಿ.ವಿ.ಗೂ ಬಂದ ಈ ಶುಲ್ಕದಿಂದಲೇ ಬಿ.ಬಿ.ಸಿ. ತನ್ನ ದೇಶದೊಳಗಿನ ಪ್ರಸಾರವನ್ನು ಜಾಹೀರಾತಿಲ್ಲದೆ ನಡೆಸಿಕೊಂಡು ಬಂದಿದೆ. ಸೋಪಿನ ಕಂಪೆನಿಯ ಮುಖ ನೋಡಬೇಕಾಗಿಲ್ಲ. ಮಂತ್ರಿಯ ಮುಖವನ್ನೂ ದಿನದಿನ ನೋಡಬೇಕಾಗಿಲ್ಲ. ದರವನ್ನು ಗೊತ್ತುಮಾಡುವುದು ಮಾತ್ರ ಸರಕಾರದ ಕೈಯಲ್ಲೇ ಉಳಿದಿದೆ ಅನ್ನುವುದು ಬೇರೆ ಮಾತು.

ಆದರೆ ಆ ಹಣ ಯಾರ ಬೆನ್ನ ಮೇಲೆ ಬೀಳುತ್ತದೆ? ಅರಮನೆಯಂಥ ಮನೆಗೂ ಒಂದೇ ದರ, ಒಂಟಿ ಕೋಣೆಗೂ ಒಂದೇ ದರ. 75 ವರ್ಷ ದಾಟಿದವರಿಗೆ 2000ನೇ ಇಸವಿಯಿಂದ ಇದ್ದ ಮಾಫಿಯನ್ನು 2020ರ ಆಗಸ್ಟಿನಲ್ಲಿ ತೆಗೆದು, ಬಡವರೆಂದು ಸರಕಾರದ ಪಿಂಚಣಿ ಸಹಾಯ ಪಡೆಯುವ ಮುದುಕರಿಗೆ ಮಾತ್ರ ಉಳಿಸಿದರು. ಕಟ್ಟದೆ ನೋಡುವುದು ಅಲ್ಲಿ ಅಪರಾಧ. 1000 ಪೌಂಡಿನವರೆಗೆ ದಂಡ. ಹೀಗೆ ಶಿಕ್ಷೆಯಾದವರಲ್ಲಿ 2019ರಲ್ಲಿ ಹತ್ತಕ್ಕೆ ಏಳಕ್ಕಿಂತಲೂ ಹೆಚ್ಚು ಮಂದಿ ಹೆಂಗಸರು. ಹೆಂಗಸರು ಹೆಚ್ಚು ಕಳ್ಳತನದಿಂದ ನೋಡುತ್ತಾರೆಂದೇ? ಅಲ್ಲ. ಹಗಲು ಇನ್‌ಸ್ಪೆಕ್ಟರು ಬಾಗಿಲು ತಟ್ಟಿದಾಗ ಮನೆಯಲ್ಲಿದ್ದು ಬಾಗಿಲು ತೆರೆಯುವವಳು ಅವಳು, ಹೆಸರು ಬರೆಸಿಕೊಳ್ಳುವವಳೂ ಅವಳು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತು ವಸೂಲಿಯವನಿಗೆ ಉತ್ತರ ಕೊಡುವ ಹೆಂಗಸನ್ನು ನಾವು ನಮ್ಮ ಕೇರಿಯಲ್ಲಿಯೂ ಬಲ್ಲೆವು. ಸಾಲ ಯಾರು ಮಾಡಿದರೂ ಸರಿ.

ಜರ್ಮನಿಯಲ್ಲಿ 2013ರಿಂದ ಟಿ.ವಿ. ಇರಲಿ ಇಲ್ಲದಿರಲಿ ಮನೆಗಿಷ್ಟೆಂದು ತೆಗೆದುಕೊಳ್ಳುತ್ತಾರೆ. ಸರಕಾರದ ಜೀವನಸಹಾಯದಲ್ಲಿರುವವರು ಅರ್ಜಿ ಕೊಟ್ಟರೆ ಬಿಡುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ 2018ರ ಮಾರ್ಚಿನಲ್ಲಿ ಈ ಶುಲ್ಕ ಬೇಕೋ ಬೇಡವೋ ಎಂದು ಜನರನ್ನೇ ಕೇಳಿದರು. ಶೇಕಡಾ 71ಕ್ಕೂ ಮಿಕ್ಕಿದ ಮತದಾರರು ರದ್ದು ಮಾಡುವುದು ಬೇಡವೆಂದರು. ಕೇಳಿದರೆ ಜನ ಕೊಡುತ್ತಾರೆ.

ಇದು ನಮಗೆ ಹೊಸತಲ್ಲ. ಈ ಉತ್ತರ ಮಲಬಾರಿನ ಬೀಡಿಶಾಲೆಗಳಲ್ಲಿ ಒಬ್ಬ ಸಂಗಾತಿ ಗಟ್ಟಿಯಾಗಿ ಪೇಪರು ಓದುತ್ತಿದ್ದ, ಉಳಿದವರು ಕೇಳುತ್ತ ಎಲೆ ಸುತ್ತುತ್ತಿದ್ದರು. ಓದುವವನ ದಿನದ ಮಜೂರಿ ಹೋಗಬಾರದೆಂದು ಪ್ರತಿಯೊಬ್ಬನೂ ತನ್ನ ಬೀಡಿಯಲ್ಲಿ ಒಂದಿಷ್ಟನ್ನು ಅವನ ಪಾಲಿಗೆ ಎತ್ತಿಡುತ್ತಿದ್ದ. ಇದು ಲೈಸೆನ್ಸ್ ಶುಲ್ಕವಲ್ಲದೆ ಮತ್ತೇನು? ಆದರೆ ಯಾವ ಪೇಪರು, ಯಾವ ಸುದ್ದಿ ಮೊದಲು ಎಂಬುದು ಅಲ್ಲಿ ಕೂತವರ ತೀರ್ಮಾನ. ಓದಿದ್ದು ಸರಿಬಾರದಿದ್ದರೆ ಆಗಲೇ ತಕರಾರು ಎತ್ತುತ್ತಿದ್ದರು. ಕೊಡುವವನೂ ಕೇಳುವವನೂ ಒಬ್ಬನೇ ಆಗಿದ್ದ.

ಪ್ರಸಾರ ಭಾರತಿಯಲ್ಲಿ ಈ ಮಾತು ಎಲ್ಲಿದೆ? 1990ರಲ್ಲಿ ಕಾಯಿದೆ ಆಗಿ 1997ರಲ್ಲಿ ಅದು ಜಾರಿಗೆ ಬಂತು. ಅಧ್ಯಕ್ಷರ ಹೆಸರನ್ನು ಸೂಚಿಸುವ ಸಮಿತಿಯಲ್ಲಿ ರಾಜ್ಯಸಭೆಯ ಸಭಾಪತಿ, ಪ್ರೆಸ್ ಕೌನ್ಸಿಲಿನ ಅಧ್ಯಕ್ಷ, ರಾಷ್ಟ್ರಪತಿಗಳು ಹೆಸರಿಸುವ ಇನ್ನೊಬ್ಬರು, ಇಷ್ಟೇ ಮಂದಿ. ಮಂಡಳಿಯಲ್ಲಿ ನೌಕರರ ಇಬ್ಬರು ಪ್ರತಿನಿಧಿಗಳಿಗೆ ಕಾಯಿದೆ ಸ್ಥಾನ ಕೊಟ್ಟಿದೆ, ಅದು ಮೆಚ್ಚತಕ್ಕದ್ದೇ. ನೋಡುವವರು ಚುನಾಯಿಸುವ ಒಬ್ಬನೂ ಇಲ್ಲ. 2022ರ ಹೊತ್ತಿಗೆ ದೂರದರ್ಶನದ ನೆಲದ ಮೇಲಿನ ಹಳೆಯ ಪ್ರಸಾರಕಗಳಲ್ಲಿ ಬಹುಪಾಲು ಮುಚ್ಚಿದವು. ಮಾಡಿನ ಮೇಲೆ ಆಂಟೆನಾ ಕಟ್ಟಿ ನೋಡುತ್ತಿದ್ದವರನ್ನು ಯಾರು ಕೇಳಿದರು?

ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ನಮ್ಮ ಹಿರಿಯ ಓದುಗರಿಗೆ ಇನ್ನೊಂದು ಕಾಲ ನೆನಪಿದ್ದೀತು. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಬಂತು. ನೆರೆಯ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಅದು ಕನ್ನಡ ಮಾತಾಡಿತು. ಊರಿಗೆಲ್ಲ ಸೇರಿ ಒಂದೇ ಪೆಟ್ಟಿಗೆ, ಮನೆಮನೆಗೆ ರಸೀದಿ ಇರಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಸಾರ್ವಜನಿಕ ಟಿ.ವಿ. ಬೇಕು, ಅದಕ್ಕೆ ಸಾರ್ವಜನಿಕ ಹಣವೂ ಬೇಕು. ತೋಟದ ಧಣಿಗೂ ತೋಟದ ಆಳಿಗೂ ಒಂದೇ ದರದ ಮನೆಶುಲ್ಕ ಬೇಡ, ಕಟ್ಟದಿದ್ದರೆ ಕೋರ್ಟು ಎಂಬ ಕಾಯಿದೆ ಬೇಡವೇ ಬೇಡ. ಹಣ ಆದಾಯಕ್ಕೆ ತಕ್ಕಂತೆ ತೆರಿಗೆಯಿಂದ ಬರಲಿ, ಅದನ್ನು ಹಲವು ವರ್ಷಕ್ಕೆ ಮೊದಲೇ ಗೊತ್ತುಮಾಡಲಿ, ಮಂತ್ರಿ ಮುನಿದರೆ ನಿಲ್ಲದಿರಲಿ. ಮಂಡಳಿಯಲ್ಲಿ ನೋಡುವವರು ಕೂರಲಿ, ಅವರಲ್ಲಿ ಗಡಿಯಾಚೆಯ ಭಾಷಿಕರೂ ಇರಲಿ. ಕಾಸರಗೋಡಿನ ಕನ್ನಡಿಗ ಕೇರಳದ ಲೆಕ್ಕದಲ್ಲಿ ಮಲೆಯಾಳಿ, ಬೆಂಗಳೂರಿನ ಲೆಕ್ಕದಲ್ಲಿ ಹೊರಗಿನವನು.

ಪುಕ್ಕಟೆ ನೋಡುವವರಿಗೆ ಹಕ್ಕು ಎಲ್ಲಿಂದ ಬಂತು ಎಂದು ಕೇಳುವವರುಂಟು. ನಾವು ಪುಕ್ಕಟೆ ನೋಡುತ್ತಿಲ್ಲ. 2019ರಲ್ಲಿ ಮೊದಲ 100 ಚಾನೆಲುಗಳಿಗೆ ತಿಂಗಳಿಗೆ 130 ರೂಪಾಯಿಯ ಮಿತಿ ಹಾಕಿದಾಗ, ಶೇಕಡಾ 18 ಜಿ.ಎಸ್.ಟಿ. ಸೇರಿ ಅದು 153 ರೂಪಾಯಿ 40 ಪೈಸೆಯಾಯಿತು. ಆ 23 ರೂಪಾಯಿ 40 ಪೈಸೆ ಸರಕಾರಕ್ಕೆ. ವರ್ಷಕ್ಕೆ 280 ರೂಪಾಯಿ 80 ಪೈಸೆ. ಹೆಸರು ಲೈಸೆನ್ಸ್ ಅಲ್ಲ, ಅಷ್ಟೇ. ಈ ಕಾಸು ದೂರದರ್ಶನಕ್ಕೆಂದು ಬೇರೆ ಇಡುವುದಲ್ಲ ನಿಜ, ಬೊಕ್ಕಸಕ್ಕೆ ಹೋಗುತ್ತದೆ. ಆದರೆ ದೂರದರ್ಶನದ ನೌಕರರ ಸಂಬಳ ಬರುವುದೂ ಆ ಬೊಕ್ಕಸದಿಂದಲೇ.

ಬ್ರಿಟನ್ನಿನಲ್ಲಿ ಬಿ.ಬಿ.ಸಿ.ಯ ಈಗಿನ ಸನ್ನದು 2027ರ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಅಲ್ಲಿ ಈ ಶುಲ್ಕದ ಚರ್ಚೆ ಜೋರಾಗಿದೆ. ನಮ್ಮಲ್ಲಿ ಚರ್ಚೆ ಆಗಬೇಕಾದರೆ ಲೆಕ್ಕ ಕೈಯಲ್ಲಿರಬೇಕು. ಮುಂದಿನ ತಿಂಗಳ ಮೊದಲ ಆದಿತ್ಯವಾರ ಯೂನಿಯನ್ ಕೋಣೆಗೆ ಬರುವಾಗ ಸಂಗಾತಿಗಳು ಒಂದು ವರ್ಷದ ಕೇಬಲ್ ರಸೀದಿಗಳನ್ನು ತರಬೇಕಾಗಿ ಕೋರುತ್ತೇವೆ. ಹಳೆಯ ರೇಡಿಯೋ ಲೈಸೆನ್ಸ್ ಪುಸ್ತಕ ಯಾರಲ್ಲಾದರೂ ಉಳಿದಿದ್ದರೆ ಅದನ್ನೂ ತನ್ನಿ, ನೋಡಿ ಹಿಂದೆ ಕೊಡುತ್ತೇವೆ.