ನಿಧಿ ಹುಡುಕೋಣ ಬನ್ನಿ, ಮೊಬೈಲ್ ಹಿಡಿದು!

ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಗೋಳು. ಮಕ್ಕಳ ಕೈಯಿಂದ ಮೊಬೈಲ್ ಬಿಡಿಸೋದು ಹೇಗೆ? ಕಿತ್ತುಕೊಂಡರೆ ರಂಪ, ಕೊಟ್ಟರೆ ಇಡೀ ದಿನ ಸೋಫಾ ಬಿಟ್ಟು ಏಳೋದಿಲ್ಲ. ನನ್ನನ್ನು ಕೇಳಿದರೆ, ಕಿತ್ತುಕೊಳ್ಳೋದು ಬೇಡ. ಅದೇ ಮೊಬೈಲ್ ಹಿಡಿದು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಅದಕ್ಕೆಂದೇ ಒಂದು ಆಟವಿದೆ. ಹೆಸರು ಜಿಯೋಕ್ಯಾಚಿಂಗ್. ನಮ್ಮ ಮಾತಿನಲ್ಲಿ ಹೇಳೋದಾದರೆ ನಿಧಿ ಹುಡುಕೋ ಆಟ.

ಇದು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿತ್ತು. 2000ದ ಮೇ ಮೊದಲ ವಾರ ಅದನ್ನು ನಿಲ್ಲಿಸಿತು. ಅದೇ ವಾರ ಡೇವ್ ಅಲ್ಮರ್ ಎಂಬುವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಜನ ಅದನ್ನು ಹುಡುಕಿಬಿಟ್ಟರು! ಇಂದು ಜಗತ್ತಿನಾದ್ಯಂತ ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ. ಅಮೆರಿಕದಲ್ಲಿರುವ ನಿಮ್ಮ ಅಕ್ಕನನ್ನೋ ನಾದಿನಿಯನ್ನೋ ಕೇಳಿ ನೋಡಿ, ಅವರ ಮನೆ ಹತ್ತಿರದ ಪಾರ್ಕಿನಲ್ಲೇ ಒಂದಾದರೂ ಇರಬಹುದು.

ಆಟ ಸುಲಭ. ಆ್ಯಪ್ ಹಾಕಿಕೊಂಡು ಹತ್ತಿರದ ಡಬ್ಬಿ ಯಾವುದೆಂದು ನೋಡಿ, ಅಲ್ಲಿಗೆ ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಡಬೇಕು. ಒಳಗಿನ ಆಟಿಕೆ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಇಟ್ಟು ಬರಬೇಕು. ತಿಂಡಿ ಮಾತ್ರ ಇಡಬೇಡಿ, ಇರುವೆ ಮುತ್ತುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕಾರಿನಲ್ಲಿ ‘ಎಡಕ್ಕೆ ತಿರುಗಿ’ ಎನ್ನುವ ನ್ಯಾವಿಗೇಷನ್ ನಿಮ್ಮನ್ನು ಹತ್ತಿರದ ರಸ್ತೆಯವರೆಗೆ ತಲುಪಿಸುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಮೊಬೈಲಿನ ದಿಕ್ಸೂಚಿ ನೋಡಿಕೊಂಡು ನಡೆಯಬೇಕು. ಬಯಲಿನಲ್ಲೇ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ, ಮರದ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಜಾಸ್ತಿ. ಹಾಗಾಗಿ ಕೊನೆಯ ಹತ್ತು ಹೆಜ್ಜೆ ಮೊಬೈಲನ್ನು ಬ್ಯಾಗಿಗೆ ಹಾಕಿ, ಕಣ್ಣಿಗೆ ಕೆಲಸ ಕೊಡಿ. ನನಗೆ ಈ ಆಟ ಇಷ್ಟವಾಗೋದೇ ಇದಕ್ಕೆ. ಬೇರೆ ಆಟಗಳು ಮಗುವನ್ನು ಸ್ಕ್ರೀನಿಗೆ ಅಂಟಿಸುತ್ತವೆ, ಇದು ಕೊನೆಗೆ ಸ್ಕ್ರೀನ್ ಬಿಡಿಸುತ್ತದೆ.

ಹತ್ತಿರದಲ್ಲಿ ಡಬ್ಬಿ ಇಲ್ಲವೇ? ನಿಮ್ಮದೇ ಆಟ ಹೂಡಿ. ಅಪಾರ್ಟ್‌ಮೆಂಟಿನ ಅಂಗಳದಲ್ಲೋ ಅಜ್ಜಿ ಊರಿನ ತೋಟದಲ್ಲೋ ಡಬ್ಬಿ ಬಚ್ಚಿಡಿ. ಮ್ಯಾಪಿನಲ್ಲಿ ಆ ಜಾಗವನ್ನು ಒತ್ತಿ ಹಿಡಿದರೆ ಅಂಕಿಗಳು ಬರುತ್ತವೆ, ಬರೆದು ಮಕ್ಕಳಿಗೆ ಕೊಡಿ. ಅಂಕಿ ಬರೆಯುವ ರೀತಿಯ ಮೇಲೆ ಗಮನವಿರಲಿ. ಲಾಲ್‌ಬಾಗ್ ಇರುವುದು 12 ಡಿಗ್ರಿ 57 ನಿಮಿಷದ ಅಕ್ಷಾಂಶದಲ್ಲಿ, ಅಂದರೆ 12.95. ಅದನ್ನೇ 12.57 ಎಂದು ಹಾಕಿದರೆ 40 ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಹೋಗುತ್ತೀರಿ! ಶಾಲೆಯಲ್ಲಿ ಉರು ಹೊಡೆದ ಭೂಗೋಳ ಈಗ ಮಕ್ಕಳಿಗೆ ಅರ್ಥವಾಗುತ್ತದೆ.

ಮಕ್ಕಳಿಗಷ್ಟೇ ಅಲ್ಲ, ನಮಗೂ ಇದು ಬೇಕು. ದಾರಿ ನೋಡೋದು ಯಜಮಾನರ ಕೆಲಸ, ಇಲ್ಲವೇ ಆಟೋದವರ ಕೆಲಸ ಎಂದು ಪಕ್ಕದಲ್ಲಿ ಕುಳಿತೇ ಎಷ್ಟೋ ವರ್ಷ ಕಳೆದವರು ನಮ್ಮಲ್ಲಿದ್ದಾರೆ. ತಾನು ನಿಂತ ಜಾಗ ಯಾವುದು, ಉತ್ತರ ಯಾವ ಕಡೆ ಎಂದು ಗೊತ್ತಿರುವ ಹೆಣ್ಣುಮಗಳು ಗೊತ್ತಿಲ್ಲದ ಬಡಾವಣೆಯಲ್ಲೂ ಗಾಬರಿ ಬೀಳೋದಿಲ್ಲ. ಅಮ್ಮನೇ ದಾರಿ ಹುಡುಕೋದನ್ನು ಮಕ್ಕಳು, ಅದರಲ್ಲೂ ಮಗಳು, ನೋಡಲಿ.

ಕೆಲವು ಎಚ್ಚರಿಕೆಗಳು. ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ಮಾಲ್‌ಗಳಲ್ಲಿ ಡಬ್ಬಿ ಇಡಲೇಬೇಡಿ. ವಾರಸುದಾರರಿಲ್ಲದ ವಸ್ತು ಕಂಡರೆ ಜನ ಪೊಲೀಸರನ್ನು ಕರೆಯುತ್ತಾರೆ, ಕರೆಯಲೂಬೇಕು. ಬೇರೆಯವರ ಜಾಗವಾದರೆ ಅನುಮತಿ ಕೇಳಿ. ಬಿಲ, ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವು ಚೇಳು ಇರುತ್ತವೆ. ಮೊದಲು ಕೋಲಿನಿಂದ ಕೆದಕಿ ನೋಡಿ. ರಸ್ತೆ ದಾಟುವಾಗ ಮೊಬೈಲ್ ನೋಡಬೇಡಿ. ಕತ್ತಲಾಗುವ ಮುಂಚೆ ಮನೆ ಸೇರಿ. ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ ಹೊರಡಿ. ಊರಾಚೆ ನೆಟ್‌ವರ್ಕ್ ಸಿಗದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ಮ್ಯಾಪ್ ತೆರೆಯದೇ ಇರಬಹುದು. ಅದನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ.

ಖರ್ಚು ಒಂದು ಹಳೇ ಟಿಫಿನ್ ಡಬ್ಬಿ, ಒಂದು ಪುಟ್ಟ ನೋಟ್‌ಪುಸ್ತಕ, ಒಂದು ಪೆನ್ಸಿಲ್. ಈ ಭಾನುವಾರವೇ ಶುರು ಮಾಡಬಹುದಲ್ವಾ?