ಬ್ಯಾಂಕ್ ಬೆಲೆ ಇಳಿಸಿದರೆ ಬಂಗಾರ ಅಡವಿಡಬೇಕೆ?

ಪಂಪ್‌ವೆಲ್ ಹತ್ತಿರ ಒಂದು ಫ್ಲ್ಯಾಟ್ ನೋಡಿ ಇಟ್ಟಿದ್ದೀರಿ ಎಂದುಕೊಳ್ಳಿ. ಹೈವೇ ಹತ್ತಿರ, ಆಸ್ಪತ್ರೆ ಹತ್ತಿರ, ಯಾವ ಕಡೆಗೆ ಹೋಗಲಿಕ್ಕೂ ಬಸ್ ಉಂಟು. 60 ಲಕ್ಷಕ್ಕೆ ಮಾತು ಕುದುರಿದೆ, ಅಡ್ವಾನ್ಸೂ ಕೊಟ್ಟಾಗಿದೆ. ಅಷ್ಟರಲ್ಲಿ ಬ್ಯಾಂಕಿನಿಂದ ಫೋನು: "ನಮ್ಮ ವ್ಯಾಲ್ಯುವರ್ ಹಾಕಿದ ಬೆಲೆ 52 ಲಕ್ಷ. ಸಾಲ ಅದರ ಮೇಲೆ ಮಾತ್ರ."

ಎರಡು ದಿನ ಮನೆಯಲ್ಲಿ ಎಲ್ಲರ ಮುಖವೂ ಬಾಡಿರುತ್ತದೆ. ಮೂರನೇ ದಿನ ಎಲ್ಲರ ಕಣ್ಣು ಹೋಗುವುದು ಒಂದೇ ಕಡೆಗೆ, ನಿಮ್ಮ ಲಾಕರಿನ ಕಡೆಗೆ. "ಚಿನ್ನಕ್ಕೆ ಈಗ ಒಳ್ಳೆ ರೇಟುಂಟಲ್ಲ, ಒಂದು ವರ್ಷದ ಮಟ್ಟಿಗೆ ಇಡುವ" ಎಂಬ ಮಾತು ಬಂದೇ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ ಮೇಲಂತೂ ಈ ಆಸೆ ಇನ್ನೂ ಜಾಸ್ತಿ. ಆದರೆ ಲಾಕರಿನ ಕೀಲಿಕೈ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಬ್ಯಾಂಕ್ ಬೆಲೆ ಇಳಿಸಿದ್ದು ಯಾಕೆ?

ಒಂದೇ ಮನೆ, ಮೂರು ಬೆಲೆ

ಮಾರುವವರು ಹೇಳುವುದು ಒಂದು ಬೆಲೆ. ಸರಕಾರದ ಮಾರ್ಗಸೂಚಿ ಬೆಲೆ, ಅಂದರೆ ನಾವೆಲ್ಲ ಗೈಡೆನ್ಸ್ ವ್ಯಾಲ್ಯೂ ಅನ್ನುವುದು, ಇನ್ನೊಂದು. ರಾಜ್ಯದಲ್ಲಿ ಇದನ್ನು 2023ರ ಅಕ್ಟೋಬರ್ 1ರಿಂದ ಏರಿಸಲಾಯಿತು. ಬ್ಯಾಂಕಿನ ವ್ಯಾಲ್ಯುವರ್ ಹಾಕುವುದು ಮೂರನೆಯದು. ನೀವು ಕಂತು ಕಟ್ಟದಿದ್ದರೆ ಮನೆ ಮಾರಿ ಎಷ್ಟು ವಸೂಲಾದೀತು ಎಂಬುದೇ ಅವರ ಚಿಂತೆ. ಹಾಗಾಗಿ ಅವರ ಕೈ ಯಾವಾಗಲೂ ಸ್ವಲ್ಪ ಬಿಗಿ.

ನೋಂದಣಿಯ ಹೊತ್ತಿಗೆ ಮಾತಾಡಿದ ಬೆಲೆ, ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಸಾಲದ ಹೊತ್ತಿಗೆ ಮಾತಾಡಿದ ಬೆಲೆ, ಬ್ಯಾಂಕಿನ ಬೆಲೆ ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಾಲ. ನಡುವೆ ಸಿಕ್ಕಿಬೀಳುವುದು ನಮ್ಮ ಸಂಸಾರದ ಬಜೆಟ್ಟು.

ಲೆಕ್ಕ ಹಾಕಿ ನೋಡಿ

ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆ ಬೆಲೆಯ ಶೇ. 80 ದಾಟುವಂತಿಲ್ಲ. 60 ಲಕ್ಷಕ್ಕಾದರೆ 48 ಲಕ್ಷ ಸಿಗುತ್ತಿತ್ತು. 52 ಲಕ್ಷಕ್ಕೆ ಸಿಗುವುದು 41.6 ಲಕ್ಷ. ನೀವು ಕೈಯಿಂದ ಹಾಕಬೇಕಾದದ್ದು 12 ಲಕ್ಷದಿಂದ 18.4 ಲಕ್ಷಕ್ಕೆ ಏರಿತು. ಇದಲ್ಲದೆ ಮುದ್ರಾಂಕ ಶುಲ್ಕ ಸೆಸ್ಸೆಲ್ಲ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು ಶೇ. 7.6, ಅಂದರೆ 60 ಲಕ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಇದಕ್ಕೆ ಸಾಮಾನ್ಯವಾಗಿ ಗೃಹಸಾಲ ಸಿಗುವುದಿಲ್ಲ.

ಬೆಲೆ ಇಳಿಯುವುದು ಯಾಕೆ?

ಮೊದಲನೆಯದು ಅಳತೆ. ಬಿಲ್ಡರ್ ಹೇಳುವ ಚದರ ಅಡಿಯಲ್ಲಿ ಮೆಟ್ಟಿಲು, ಲಿಫ್ಟು, ಕಾರಿಡಾರ್ ಎಲ್ಲ ಸೇರಿರಬಹುದು. ವ್ಯಾಲ್ಯುವರ್ ಟೇಪು ಹಿಡಿದು ಅಳೆಯುವುದು ನಿಮ್ಮ ಮನೆಯೊಳಗೆ. ರೇರಾ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾವನ್ನು ಬಿಲ್ಡರ್ ತಿಳಿಸಲೇಬೇಕು, ಕೇಳಿ ಪಡೆಯಿರಿ.

ಎರಡನೆಯದು ಕಾಗದಪತ್ರ. ಇ-ಖಾತಾ, ಭೂಪರಿವರ್ತನೆ, ಸಿಂಗಲ್ ಲೇಔಟ್, ಕಂಪ್ಲೀಷನ್ ಸರ್ಟಿಫಿಕೇಟ್: ಇವುಗಳಲ್ಲಿ ಒಂದು ಕೊರತೆಯಾದರೂ ಬೆಲೆ ಇಳಿಯುತ್ತದೆ, ಇಲ್ಲವೇ ಸಾಲವೇ ನಿಲ್ಲುತ್ತದೆ.

ಮೂರನೆಯದು ಜಾಗ. ಪಂಪ್‌ವೆಲ್ ಫ್ಲೈಓವರ್ ಕೆಲಸ 2010ರಲ್ಲಿ ಶುರುವಾಗಿ, ಅದು ವಾಹನಗಳಿಗೆ ತೆರೆದದ್ದು 2020ರ ಜನವರಿ 31ರಂದು. ಈಗಲೂ ಜೋರು ಮಳೆ ಬಂದರೆ ಅದರ ಕೆಳಗೆ ನೀರು ನಿಲ್ಲುವುದನ್ನು ನಾವೇ ಕಂಡಿದ್ದೇವೆ. ಬಸ್ ನಿಲ್ದಾಣದ ಮಾತಂತೂ ಎಷ್ಟೋ ವರ್ಷಗಳದ್ದು. ಮಾರುವವರು "ಮುಂದೆ ಬರುವುದಕ್ಕೂ" ಸೇರಿಸಿ ಬೆಲೆ ಹೇಳುತ್ತಾರೆ. ವ್ಯಾಲ್ಯುವರ್ ನೋಡುವುದು ಇವತ್ತು ಇರುವುದನ್ನು, ಹತ್ತಿರದಲ್ಲಿ ಇತ್ತೀಚೆಗೆ ನೋಂದಣಿಯಾದ ಬೆಲೆಯನ್ನು.

ಏನು ಮಾಡಬಹುದು?

* ವ್ಯಾಲ್ಯುವರ್ ವರದಿಯ ಪ್ರತಿ ಕೇಳಿ. ಅದರ ಖರ್ಚು ಸಾಮಾನ್ಯವಾಗಿ ನಾವೇ ಕೊಡುವುದು, ಕೇಳಲು ನಾಚಿಕೆ ಬೇಡ. ಪ್ರತಿ ಕೊಡದಿದ್ದರೆ ಕಾರಣವನ್ನಾದರೂ ತಿಳಿದುಕೊಳ್ಳಿ.

* ಅಳತೆ, ಮಹಡಿ, ಕಟ್ಟಡದ ವಯಸ್ಸು, ಪಾರ್ಕಿಂಗ್ ಸರಿಯಾಗಿ ಬರೆದಿದ್ದಾರೆಯೇ ನೋಡಿ. ತಪ್ಪಿದ್ದರೆ, ಅದೇ ಕಟ್ಟಡದಲ್ಲಿ ಇತ್ತೀಚೆಗೆ ಮಾರಾಟವಾದ ಫ್ಲ್ಯಾಟಿನ ಕ್ರಯಪತ್ರದ ಪ್ರತಿ ಸಿಕ್ಕಿದರೆ ಅದನ್ನೂ ಇಟ್ಟು ಮರುಮೌಲ್ಯಮಾಪನಕ್ಕೆ ಅರ್ಜಿ ಕೊಡಿ. ಇನ್ನೊಂದು ಬ್ಯಾಂಕಿನಲ್ಲೂ ವಿಚಾರಿಸಿ.

* ತಪ್ಪಿಲ್ಲದಿದ್ದರೆ ಮಾರುವವರ ಬಳಿ ಹೋಗಿ. "ನಾಳೆ ಬರುವ ಗಿರಾಕಿಗೂ ಬ್ಯಾಂಕ್ ಹೀಗೇ ಹೇಳೀತು" ಎನ್ನುವುದಕ್ಕಿಂತ ಗಟ್ಟಿ ಚೌಕಾಸಿ ಇಲ್ಲ.

* ಅಡ್ವಾನ್ಸ್ ಕೊಡುವ ಮೊದಲೇ ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿ: ಬೇಕಾದಷ್ಟು ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸು. ರೇರಾ ವ್ಯಾಪ್ತಿಯ ಬಿಲ್ಡರ್ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.

* "ಪತ್ರದಲ್ಲಿ ಕಡಿಮೆ ತೋರಿಸುವ, ಉಳಿದದ್ದು ಕ್ಯಾಶ್" ಎಂದರೆ ಒಪ್ಪಬೇಡಿ. ಪತ್ರದಲ್ಲಿ ಇಳಿದಷ್ಟು ಸಾಲವೂ ಇಳಿಯುತ್ತದೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆಯೂ ಇದೆ.

ಮಾರುವವರಿಗೆ, ಕಟ್ಟುವವರಿಗೆ

ನೀವೇ ಮಾರುವವರಾದರೆ ಕಾಗದಪತ್ರ ಮೊದಲೇ ಸರಿಮಾಡಿಕೊಳ್ಳಿ. ಅವಸರಕ್ಕೆ ಮಾರ್ಗಸೂಚಿ ಬೆಲೆಗಿಂತ ತುಂಬ ಕಡಿಮೆಗೆ ಕೊಡಬೇಡಿ. ಮಾರಿದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇ. 10ಕ್ಕೂ ಹೆಚ್ಚಿದ್ದರೆ, ಕೈಗೆ ಬಾರದ ಹಣಕ್ಕೂ ನಿಮಗೆ ತೆರಿಗೆ ಬೀಳಬಹುದು. ಕೊಂಡವರಿಗೂ ಆ ವ್ಯತ್ಯಾಸ ಆದಾಯವೆಂದೇ ಲೆಕ್ಕ.

ಕಟ್ಟುವವರಿಗೆ ಸಾಲ ಬರುವುದು ಹಂತ ಹಂತವಾಗಿ, ಕೆಲಸ ನೋಡಿದ ಮೇಲೆ. ಮಂಜೂರಾದ ನಕ್ಷೆಯಲ್ಲಿ ಇಲ್ಲದ ಕೋಣೆಯನ್ನು ಬ್ಯಾಂಕ್ ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಕಪಾಟು, ಕಿಚನ್ ಅಲಂಕಾರಕ್ಕೆ ಬೇರೆ ದುಡ್ಡು ಎತ್ತಿಡಿ.

ಕೊನೆಗೆ ಚಿನ್ನದ ಮಾತು

ಚಿನ್ನ ಇಡಲೇಬಾರದು ಅಂತಲ್ಲ. ಕೊರತೆ ಸಣ್ಣದಿದ್ದು, ತೀರಿಸುವ ಹಣ ಯಾವ ತಿಂಗಳು, ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿದ್ದರೆ ಆಗಬಹುದು. ಆದರೆ ಬೆಲೆ ಇಳಿದದ್ದು ಕಾಗದಪತ್ರದ ದೋಷಕ್ಕೋ, ಮಾರುವವರ ಅತಿಯಾಸೆಗೋ ಆಗಿದ್ದರೆ ನಿಮ್ಮ ಚಿನ್ನ ಹೊಂಡ ಮುಚ್ಚೀತೇ ಹೊರತು ಮನೆಯ ಬೆಲೆ ಏರಿಸದು. ನಾಳೆ ನೀವು ಮಾರಲು ಹೊರಟಾಗ ಅದೇ ದೋಷ ಎದುರು ನಿಲ್ಲುತ್ತದೆ. ಅಷ್ಟರಲ್ಲಿ ಗೃಹಸಾಲದ ಕಂತು ಒಂದು ಕಡೆ, ಚಿನ್ನದ ಬಡ್ಡಿ ಇನ್ನೊಂದು ಕಡೆ. ಕಟ್ಟಲಾಗದಿದ್ದರೆ ಒಡವೆ ಹರಾಜಿಗೆ.

ಎಲ್ಲ ಯೋಚಿಸಿದ ಮೇಲೂ ಇಡುವುದೆಂದಾದರೆ, ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ತವರಿನಿಂದ ಬಂದ ಬಂಗಾರ ಗೋಡೆಯೊಳಗೆ ಸೇರುವಾಗ ಆ ಗೋಡೆ ನಿಮ್ಮದೂ ಆಗಿರಬೇಕಲ್ಲವೆ?