ಆಕಾಶಕ್ಕೂ ಬೇಕು ನುರಿತ ಕೈ

ಉಪಗ್ರಹ ನಭಕ್ಕೆ ನೆಗೆದ ದಿನ ದೇಶವೆಲ್ಲ ಚಪ್ಪಾಳೆ ತಟ್ಟುತ್ತದೆ. ಅದಕ್ಕೆ ಬೆಸುಗೆ ಹಾಕಿದ ಕೈ ಯಾರದು, ಅದು ಕಳುಹಿದ ಚಿತ್ರವನ್ನು ನೆಲದ ಅಳತೆಗೆ ಹೊಂದಿಸಿದ ಕಣ್ಣು ಯಾರದು ಎಂದು ಕೇಳುವವರು ವಿರಳ. ಬಾಹ್ಯಾಕಾಶ ಮತ್ತು ಭೂಮಾಪನದ ಬಾಗಿಲುಗಳು ಖಾಸಗಿಯವರಿಗೆ ತೆರೆದಿರುವ ಈ ಹೊತ್ತಿನಲ್ಲಿ ನಾವು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಗುಜರಾತಿನ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. 1947ರಲ್ಲಿ ವಿಕ್ರಮ್ ಸಾರಾಭಾಯಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಹಾಸನ ಜಿಲ್ಲೆಯ ಎ. ಎಸ್. ಕಿರಣ್ ಕುಮಾರ್ 1975ರಲ್ಲಿ ಇಲ್ಲಿನ ಬಾಹ್ಯಾಕಾಶ ಅನ್ವಯ ಕೇಂದ್ರವನ್ನು ಸೇರಿ, ಅದರ ನಿರ್ದೇಶಕರಾಗಿ, ಮುಂದೆ ಇಸ್ರೋ ಅಧ್ಯಕ್ಷರೂ ಆದರು. ಇಂಥ ಹೆಸರುಗಳನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಅವರ ಹಿಂದಿದ್ದ ಕುಶಲಕರ್ಮಿಗಳ ಪಡೆಯನ್ನು ಮರೆಯುತ್ತೇವೆ.

ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಅದನ್ನು ಕಟ್ಟಿದ ಬಹುಪಾಲು ಮಂದಿ ಮಾಡುತ್ತ ಮಾಡುತ್ತಲೇ ಕಲಿತವರು. ಅದೇ ಆಗಸ್ಟಿನಲ್ಲಿ ಆರಂಭವಾಗಿ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಉಪಗ್ರಹವನ್ನು ಅಮೆರಿಕದಿಂದ ಎರವಲು ಪಡೆಯಲಾಗಿತ್ತು. ಹಳ್ಳಿಯ ಪೆಟ್ಟಿಗೆ ಕೆಟ್ಟಾಗ ರಿಪೇರಿ ಮಾಡುವವರನ್ನು ಎರವಲು ತರುವಂತಿರಲಿಲ್ಲ.

ಈಗ ಕಾಲ ಬದಲಾಗಿದೆ. 2020ರಲ್ಲಿ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯುವ ನಿರ್ಧಾರವಾಯಿತು. ಅದರ ಹೊಣೆ ಹೊತ್ತ 'ಇನ್-ಸ್ಪೇಸ್' ಸಂಸ್ಥೆಯ ಪ್ರಧಾನ ಕಚೇರಿ 2022ರ ಜೂನ್‌ನಲ್ಲಿ ಅಹಮದಾಬಾದಿನ ಬೋಪಲ್‌ನಲ್ಲಿ ಉದ್ಘಾಟನೆಗೊಂಡಿತು. ನಕಾಶೆ ತಯಾರಿಕೆಯ ಮೇಲಿನ ನಿರ್ಬಂಧಗಳು 2021ರಲ್ಲಿ ಸಡಿಲಗೊಂಡವು. ಭೂಪ್ರಾದೇಶಿಕ ಮಾಹಿತಿಯ ರಾಷ್ಟ್ರೀಯ ನೀತಿ 2022ರಲ್ಲಿ, ಬಾಹ್ಯಾಕಾಶ ನೀತಿ 2023ರಲ್ಲಿ ಬಂದವು. ನೀತಿಗಳಿಗೇನೋ ಕೊರತೆಯಿಲ್ಲ, ಅವನ್ನು ನೆಲಕ್ಕಿಳಿಸುವ ಮಧ್ಯದ ಮೆಟ್ಟಿಲು ಮಾತ್ರ ದುರ್ಬಲವಾಗಿಯೇ ಉಳಿದಿದೆ.

ನಾನು ವಾಸಿಸುವ ವಡೋದರೆಯ ಗೋರ್ವಾದಲ್ಲಿ ಸರ್ಕಾರಿ ಐ.ಟಿ.ಐ. ಇದೆ, ಕೈಗಾರಿಕಾ ವಸಾಹತು ಇದೆ. ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರಕ್ಕೆ ಇಲ್ಲಿಂದ ನೂರು ಚಿಲ್ಲರೆ ಕಿಲೋಮೀಟರುಗಳ ಹಾದಿ. ಆದರೆ ಫಿಟ್ಟರ್ ಕಲಿತ ಹುಡುಗನಿಗೆ ಆ ಹಾದಿ ತನಗೂ ತೆರೆದಿದೆ ಎಂದು ಹೇಳುವವರು ಯಾರು? 2019ರ ಜುಲೈ ಕೊನೆಯಲ್ಲಿ, ಮತ್ತೆ 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿಯ ಪ್ರವಾಹಕ್ಕೆ ಈ ನಗರ ತತ್ತರಿಸಿತು. ಎಷ್ಟು ಪ್ರದೇಶ ಮುಳುಗಿದೆ ಎಂಬುದನ್ನು ಉಪಗ್ರಹ ತೋರಿಸಬಲ್ಲದು. ಯಾವ ಗಲ್ಲಿಯ ಚರಂಡಿ ಎಷ್ಟು ತಗ್ಗಿನಲ್ಲಿದೆ ಎಂಬುದನ್ನು ಮಾತ್ರ ನೆಲದ ಮೇಲೆ ನಿಂತ ಭೂಮಾಪಕನೇ ಅಳೆದು ಹೇಳಬೇಕು.

ಸರ್ಕಾರಿ ಸೇವೆಯಲ್ಲಿ ನಾನು ಕಂಡ ಟೆಂಡರು ಕಡತಗಳಲ್ಲಿ 'ಇಂಥದೇ ಕೆಲಸವನ್ನು ಮೊದಲು ಮಾಡಿರಬೇಕು' ಎಂಬ ಷರತ್ತು ಮತ್ತೆ ಮತ್ತೆ ಎದುರಾಗುತ್ತದೆ. ಈಜು ಕಲಿತ ಮೇಲೆಯೇ ನೀರಿಗಿಳಿ ಎಂದಂತಾಯಿತು! ಪೀಣ್ಯದ ಶೆಡ್ಡಿಗೆ ಈ ಷರತ್ತು ವಿಧಿಸಿದ್ದರೆ ಆರ್ಯಭಟ ಹುಟ್ಟುತ್ತಲೇ ಇರಲಿಲ್ಲ. ಬಾಹ್ಯಾಕಾಶದಲ್ಲಿ ಸಣ್ಣ ದೋಷಕ್ಕೂ ಕ್ಷಮೆಯಿಲ್ಲ, ಹೊಸಬರನ್ನು ನಂಬುವುದು ಹೇಗೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಅದಕ್ಕೆ ಪರಿಹಾರ ಪರೀಕ್ಷೆಯನ್ನು ಕಠಿಣಗೊಳಿಸುವುದು, ಪ್ರವೇಶವನ್ನು ಮುಚ್ಚುವುದಲ್ಲ. ದೊಡ್ಡ ಗುತ್ತಿಗೆಯ ಒಂದು ಭಾಗವನ್ನು ಸಣ್ಣ ಕಾರ್ಯಾಗಾರಗಳಿಗೆ ಮೀಸಲಿಡಲಿ. ಗುತ್ತಿಗೆ ಪಡೆದವರು ಐ.ಟಿ.ಐ. ವಿದ್ಯಾರ್ಥಿಗಳನ್ನು ಶಿಶಿಕ್ಷುಗಳಾಗಿ ತೆಗೆದುಕೊಳ್ಳುವುದು ಕಡ್ಡಾಯವಾಗಲಿ. ನಕಾಶೆ ಕೊಳ್ಳುವ ಪ್ರತಿಯೊಂದು ನಗರಪಾಲಿಕೆಯೂ ಅದನ್ನು ಓದಿ ತಿದ್ದಬಲ್ಲ ಸಿಬ್ಬಂದಿಯನ್ನು ಹೊಂದಿರಲಿ.

ನಮ್ಮ ಪಾಲಿನ ಕರ್ತವ್ಯವೂ ಇದೆ. ಮಕ್ಕಳು ಇಂಜಿನಿಯರುಗಳಾಗಿ ಬೆಂಗಳೂರಿಗೆ ಮರಳಬೇಕೆಂದು ಹಂಬಲಿಸುವ ನಾವು, ಭೂಮಾಪಕನ, ಉಪಕರಣ ತಜ್ಞನ ಕೆಲಸವನ್ನು ಕೀಳೆಂದು ಬಗೆಯುತ್ತೇವೆ. ಗುಂಟೆ, ಪೋಡಿ, ಚಕ್ಕುಬಂದಿ, ಆಕಾರಬಂದ್ ಎಂದು ನೆಲದ ಲೆಕ್ಕಕ್ಕೆ ಇಷ್ಟೊಂದು ಪದಗಳುಳ್ಳ ನಾಡಿನವರು ಅಳೆಯುವವನನ್ನು ಹಗುರವಾಗಿ ಕಾಣುವುದು ಸೋಜಿಗವೇ ಸರಿ. ಸಂಘದ ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ ಹೆಚ್ಚು ಅಂಕ ಗಳಿಸಿದವರ ಪಕ್ಕದಲ್ಲಿ ಐ.ಟಿ.ಐ. ಮುಗಿಸಿದ ಹುಡುಗ ಹುಡುಗಿಯರಿಗೂ ಒಂದು ಕುರ್ಚಿ ಹಾಕೋಣ. ಅದಕ್ಕೆ ಯಾವ ರಾಷ್ಟ್ರೀಯ ನೀತಿಯೂ ಬೇಕಿಲ್ಲ.